ಎಂಟು ನಿಮಿಷದ ಆಟವೋ, ಇಪ್ಪತ್ತು ನಿಮಿಷದ ಆಟವೋ: ಐಸ್ ಹಾಕಿಯ ಎಳೆಯರು ಬಲಿಯುವ ಬಗೆ

ಕೆನಡಾದ ಶೇನ್ ರೈಟ್ 2022–23ರ ಒಂದೇ ಋತುವಿನಲ್ಲಿ ನಾಲ್ಕು ತಂಡಗಳ ಜೆರ್ಸಿ ತೊಟ್ಟರು. ಅಕ್ಟೋಬರ್‌ನಲ್ಲಿ ಸಿಯಾಟಲ್ ಕ್ರ್ಯಾಕನ್, ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ವ್ಯಾಲಿ ಫೈರ್‌ಬರ್ಡ್ಸ್, ಡಿಸೆಂಬರ್ ಕೊನೆಗೆ ಕೆನಡಾದ ಜೂನಿಯರ್ ರಾಷ್ಟ್ರೀಯ ತಂಡ, ಜನವರಿಯಿಂದ ಒಂಟಾರಿಯೊ ಪ್ರಾಂತ್ಯದ ವಿಂಡ್ಸರ್ ಸ್ಪಿಟ್‌ಫೈರ್ಸ್. ವಿಂಡ್ಸರ್ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತು ಹೊರಬಿದ್ದಾಗ ಮತ್ತೆ ಕೋಚೆಲ್ಲಾ ವ್ಯಾಲಿಗೆ ಪಯಣ. ಆಗ ಅವರಿಗೆ ಹತ್ತೊಂಬತ್ತು ತುಂಬಿ ಕೆಲವೇ ತಿಂಗಳಾಗಿತ್ತು. ಇಷ್ಟೊಂದು ಅಲೆದಾಟ ಏಕೆ ಎಂದು ಕೇಳುತ್ತಾ ಹೋದರೆ, ಉತ್ತರ ಅಮೆರಿಕದ ಐಸ್ ಹಾಕಿ ತನ್ನ ಎಳೆಯ ಆಟಗಾರರನ್ನು ಬೆಳೆಸುವ ವ್ಯವಸ್ಥೆಯ ಒಳಿತು ಕೆಡುಕುಗಳೆಲ್ಲ ಒಂದೊಂದಾಗಿ ಕಾಣತೊಡಗುತ್ತವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗನೊಬ್ಬ ಯಾವ ಲೀಗಿನಲ್ಲಿದ್ದಾನೆ ಎನ್ನುವುದು ಎರಡನೆಯ ಪ್ರಶ್ನೆ. ಅವನು ಪಂದ್ಯಕ್ಕೆ ಎಷ್ಟು ನಿಮಿಷ ಆಡುತ್ತಾನೆ, ಆಟದ ಯಾವ ಘಟ್ಟದಲ್ಲಿ ಅವನನ್ನು ಕಣಕ್ಕಿಳಿಸುತ್ತಾರೆ ಎನ್ನುವುದು ಮೊದಲನೆಯದು. ಐಸ್ ಹಾಕಿ ಪಂದ್ಯ 60 ನಿಮಿಷದ್ದು. ಗೋಲ್‌ಕೀಪರ್ ಬಿಟ್ಟರೆ ಒಂದು ತಂಡದ 18 ಆಟಗಾರರು ಅಂದು ಸಜ್ಜಾಗಿರುತ್ತಾರೆ, ಅಂಗಳದಲ್ಲಿ ಏಕಕಾಲಕ್ಕೆ ಇರುವವರು ಐವರು. ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಮುಂಪಡೆಯವರು ಮೂವರ ಸಾಲುಗಳಾಗಿ ಇಳಿಯುತ್ತಾರೆ. ಮೊದಲ ಸಾಲಿನ ಮುಂಪಡೆ ಆಟಗಾರನಿಗೆ ಹೀಗೆ ಹದಿನೆಂಟು, ಇಪ್ಪತ್ತು ನಿಮಿಷ ಸಿಗುತ್ತದೆ. ನಾಲ್ಕನೇ ಸಾಲಿನವನಿಗೆ ಎಂಟೋ ಹತ್ತೋ. ಎದುರಾಳಿಗೆ ಪೆನಾಲ್ಟಿಯಾಗಿ ಅವರ ಒಬ್ಬ ಆಟಗಾರ ಹೊರಗಿರುವಾಗ ಸಿಗುವ ಪವರ್ ಪ್ಲೇ, ಒಂದು ಗೋಲಿನ ಮುನ್ನಡೆಯನ್ನು ಕಾಪಾಡಿಕೊಳ್ಳಬೇಕಾದ ಕೊನೆಯ ಎರಡು ನಿಮಿಷ, ಇವೆಲ್ಲ ಮೊದಲ ಸಾಲಿನವರ ಪಾಲು. ನಾಲ್ಕನೇ ಸಾಲಿನ ಹುಡುಗ ಅದನ್ನೆಲ್ಲ ಬೆಂಚಿನ ಮೇಲೆ ಕುಳಿತು ನೋಡುತ್ತಾನೆ. ನೋಡಿ ಕಲಿಯುವುದಕ್ಕೂ ಒಂದು ಮಿತಿ ಇದೆ.

ಸಿಯಾಟಲ್‌ನಲ್ಲಿ ರೈಟ್ ಅವರಿಗೆ ಆ ಋತುವಿನಲ್ಲಿ ಸಿಗುತ್ತಿದ್ದದ್ದು ಪಂದ್ಯಕ್ಕೆ ಸುಮಾರು ಎಂಟು ನಿಮಿಷ.

ವ್ಯವಸ್ಥೆಯ ಚೌಕಟ್ಟು

ಎಲ್ಲಕ್ಕಿಂತ ಮೇಲಿರುವುದು 32 ತಂಡಗಳ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್. ಅದರ ಕೆಳಗೆ ಅಮೆರಿಕನ್ ಹಾಕಿ ಲೀಗ್, ಎಎಚ್‌ಎಲ್. 1936ರಷ್ಟು ಹಿಂದೆ ಶುರುವಾದ ಈ ಲೀಗಿನಲ್ಲೂ ಈಗ 32 ತಂಡಗಳಿವೆ, ಎನ್‌ಎಚ್‌ಎಲ್‌ನ ಪ್ರತಿ ತಂಡಕ್ಕೂ ಇಲ್ಲೊಂದು ಜೋಡಿ ತಂಡ. ಅದಕ್ಕೂ ಕೆಳಗೆ ಇಸಿಎಚ್‌ಎಲ್. ಇವು ಮೂರೂ ವೃತ್ತಿಪರ ಲೀಗುಗಳು. ಇವಕ್ಕೆ ಆಟಗಾರರನ್ನು ಒದಗಿಸುವವು ಬೇರೆ: ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗುಗಳು, ಅಮೆರಿಕದ ವಿಶ್ವವಿದ್ಯಾಲಯಗಳು, ಸ್ವೀಡನ್, ಫಿನ್ಲೆಂಡ್, ರಷ್ಯಾ, ಸ್ಲೊವಾಕಿಯಾ ಮುಂತಾದ ಯುರೋಪಿನ ದೇಶಗಳ ಕ್ಲಬ್ಬುಗಳು.

ನಮ್ಮ ಓದುಗರಿಗೆ ರಣಜಿ ಟ್ರೋಫಿ ನೆನಪಾಗಬಹುದು. ಹೋಲಿಕೆ ಅರ್ಧ ದೂರ ಮಾತ್ರ ಸಾಗುತ್ತದೆ. ಕರ್ನಾಟಕದ ರಣಜಿ ತಂಡ ಯಾರ ಅಡಿಯಾಳೂ ಅಲ್ಲ. ಟ್ರೋಫಿ ಗೆಲ್ಲುವುದು ಅದರ ಸ್ವಂತ ಗುರಿ, ಆಯ್ಕೆದಾರರು ಅಲ್ಲಿಂದ ಯಾರನ್ನಾದರೂ ಎತ್ತಿಕೊಂಡರೆ ಅದು ಬೇರೆ ಮಾತು. ಎಎಚ್‌ಎಲ್ ತಂಡ ಹಾಗಲ್ಲ. ಅಲ್ಲಿನ ಬಹುತೇಕ ಯುವ ಆಟಗಾರರ ಒಪ್ಪಂದ ಇರುವುದು ಮೇಲಿನ ತಂಡದ ಜೊತೆಗೆ, ಸಾಮಾನ್ಯವಾಗಿ ತರಬೇತುದಾರನನ್ನು ನೇಮಿಸುವವರೂ ಅವರೇ. ಮಧ್ಯಾಹ್ನ ಫೋನ್ ಬಂದರೆ ಸಂಜೆಯ ವಿಮಾನಕ್ಕೆ ಹುಡುಗ ಹೊರಡಬೇಕು, ಇತ್ತ ಕೆಳಗಿನ ತಂಡಕ್ಕೆ ಅಂದೇ ಫೈನಲ್ ಇದ್ದರೂ ಸರಿ.

ಪ್ರತಿ ಬೇಸಿಗೆಯಲ್ಲಿ ಡ್ರಾಫ್ಟ್ ನಡೆಯುತ್ತದೆ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸಭೆ. ಏಳು ಸುತ್ತು, 32 ತಂಡ. ಸೆಪ್ಟೆಂಬರ್ 15ರೊಳಗೆ ಹದಿನೆಂಟು ತುಂಬುವ ಹುಡುಗರು ಅಲ್ಲಿ ಮೊದಲ ಬಾರಿಗೆ ಆಯ್ಕೆಗೆ ಅರ್ಹರು. ವರ್ಷಕ್ಕೆ 224 ಆಯ್ಕೆ. ಎನ್‌ಎಚ್‌ಎಲ್ ತಂಡವೊಂದು ತನ್ನ ಸಕ್ರಿಯ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದಾದವರು 23 ಜನ, ಅಂದರೆ ಇಡೀ ಲೀಗಿನಲ್ಲಿ ಇರುವುದೇ 736 ಸ್ಥಾನ. ಅವುಗಳಲ್ಲಿ ಹೆಚ್ಚಿನವು ಈಗಾಗಲೇ ಭರ್ತಿಯಾಗಿವೆ. ಹದಿನೆಂಟಕ್ಕೆ ನೇರವಾಗಿ ಮೇಲಕ್ಕೆ ಏರಿ ಅಲ್ಲೇ ನಿಲ್ಲುವವರನ್ನು ವರ್ಷಕ್ಕೆ ಬೆರಳಲ್ಲಿ ಎಣಿಸಬಹುದು. ಉಳಿದವರು ಎರಡು, ಮೂರು, ಕೆಲವೊಮ್ಮೆ ಏಳು ವರ್ಷ ಬೇರೆಲ್ಲೋ ಬೆಳೆದು ಬರಬೇಕು. ಇಂದು ಎನ್‌ಎಚ್‌ಎಲ್‌ನಲ್ಲಿ ಆಡುವ ಹತ್ತು ಜನರಲ್ಲಿ ಹತ್ತಿರಹತ್ತಿರ ಒಂಬತ್ತು ಮಂದಿ ಎಎಚ್‌ಎಲ್‌ನಲ್ಲಿ ಆಡಿ ಬಂದವರು. ಹಾಗಿದ್ದೂ ಅಲ್ಲಿಗೆ ಕಳುಹಿಸಿದ ತಕ್ಷಣ ಹುಡುಗ ಸೋತುಬಿಟ್ಟ ಎಂಬಂತೆ ಅಭಿಮಾನಿಗಳು ಮಾತಾಡುವುದನ್ನು ಕೇಳಿದರೆ ನನಗೆ ಬೇಸರವಾಗುತ್ತದೆ.

ಇಪ್ಪತ್ತು ತುಂಬದವರ ಇಕ್ಕಟ್ಟು

ರೈಟ್ ಸಾಮಾನ್ಯ ಪ್ರತಿಭೆಯಲ್ಲ. ಹದಿನೈದಕ್ಕೇ ಕೆನಡಾದ ಜೂನಿಯರ್ ಲೀಗುಗಳಲ್ಲೊಂದಾದ ಒಂಟಾರಿಯೊ ಹಾಕಿ ಲೀಗಿನಲ್ಲಿ ಆಡಲು ವಿಶೇಷ ಅನುಮತಿ ಪಡೆದ ಕೆಲವೇ ಹುಡುಗರಲ್ಲಿ ಒಬ್ಬರು. ಕಿಂಗ್‌ಸ್ಟನ್ ಫ್ರಂಟೆನಾಕ್ಸ್ ಪರ ಮೊದಲ ಋತುವಿನಲ್ಲೇ 39 ಗೋಲು ಹೊಡೆದರು. ಮರುವರ್ಷ, 2020–21ರಲ್ಲಿ, ಕೋವಿಡ್‌ನಿಂದಾಗಿ ಆ ಲೀಗಿನ ಇಡೀ ಋತುವೇ ರದ್ದಾಯಿತು. 2022ರ ಜುಲೈನಲ್ಲಿ ಮಾಂಟ್ರಿಯಲ್‌ನಲ್ಲಿ ಡ್ರಾಫ್ಟ್ ನಡೆದಾಗ ಇವರೇ ಮೊದಲ ಆಯ್ಕೆ ಎಂದು ಬಹಳ ಜನ ನಂಬಿದ್ದರು. ಮಾಂಟ್ರಿಯಲ್ ತಂಡ ಸ್ಲೊವಾಕಿಯಾದ ಯುರಾಯ್ ಸ್ಲಾಫ್ಕೊವ್‌ಸ್ಕಿಯನ್ನು ಆರಿಸಿತು. ರೈಟ್ ನಾಲ್ಕನೆಯವರಾಗಿ ಸಿಯಾಟಲ್ ಪಾಲಾದರು.

ಇಲ್ಲಿಂದ ನಿಯಮದ ಗೋಜಲು. ಕೆನಡಾದ ಜೂನಿಯರ್ ಲೀಗುಗಳಿಗೂ ಎನ್‌ಎಚ್‌ಎಲ್‌ಗೂ ನಡುವೆ ಬಹುಕಾಲದಿಂದ ಒಂದು ಒಡಂಬಡಿಕೆ ಇತ್ತು. ಆ ಲೀಗುಗಳಿಂದ ಆರಿಸಿದ ಹುಡುಗನಿಗೆ ಆ ವರ್ಷದ ಡಿಸೆಂಬರ್ 31ರೊಳಗೆ ಇಪ್ಪತ್ತು ತುಂಬಬೇಕು, ಇಲ್ಲವೇ ಅವನು ಜೂನಿಯರ್‌ನಲ್ಲಿ ನಾಲ್ಕು ಋತು ಆಡಿರಬೇಕು. ಎರಡೂ ಇಲ್ಲದಿದ್ದರೆ ಅವನನ್ನು ಎಎಚ್‌ಎಲ್‌ಗೆ ಕಳುಹಿಸುವಂತಿಲ್ಲ. ಅವನಿಗೆ ಇರುವುದು ಎರಡೇ ದಾರಿ: ಎನ್‌ಎಚ್‌ಎಲ್‌ನಲ್ಲೇ ಇರುವುದು, ಇಲ್ಲವೇ ಜೂನಿಯರ್‌ಗೆ ಮರಳುವುದು. ಜೂನಿಯರ್ ತಂಡಗಳ ದೃಷ್ಟಿಯಿಂದ ಇದು ನ್ಯಾಯವೇ. ಟಿಕೆಟ್ ಕೊಂಡು ಬರುವ ಊರಿನವರು ನೋಡಬಯಸುವ ಹದಿನೆಂಟರ ತಾರೆಗಳನ್ನೆಲ್ಲ ಎಎಚ್‌ಎಲ್ ಸೆಳೆದುಕೊಂಡರೆ ಆ ಲೀಗುಗಳು ಉಳಿಯುವುದು ಹೇಗೆ? ಹುಡುಗನ ದೃಷ್ಟಿಯಿಂದ ಮಾತ್ರ ಇದು ಇಕ್ಕಟ್ಟು. ಜೂನಿಯರ್ ಆಟ ಅವನಿಗೆ ತೀರಾ ಸಲೀಸು, ಎನ್‌ಎಚ್‌ಎಲ್ ಇನ್ನೂ ಭಾರ, ನಡುವಿನ ಹದವಾದ ಮೆಟ್ಟಿಲಿಗೆ ಬೀಗ.

ಇದೇ ನಿಯಮ ಯುರೋಪಿನಿಂದ ಬಂದವರಿಗೆ ಅನ್ವಯಿಸುತ್ತಿರಲಿಲ್ಲ. ಡೆಟ್ರಾಯಿಟ್ ರೆಡ್ ವಿಂಗ್ಸ್ 2009ರಲ್ಲಿ ಅರವತ್ತನೆಯವರಾಗಿ ಆರಿಸಿದ ತೊಮಾಷ್ ತತಾರ್ ಸ್ಲೊವಾಕಿಯಾದ ಕ್ಲಬ್ಬಿನಿಂದ ಬಂದವರು. ಹದಿನೆಂಟಕ್ಕೇ ಅವರು ಡೆಟ್ರಾಯಿಟ್‌ನ ಎಎಚ್‌ಎಲ್ ತಂಡವಾದ ಗ್ರ್ಯಾಂಡ್ ರ‍್ಯಾಪಿಡ್ಸ್ ಗ್ರಿಫಿನ್ಸ್ ಸೇರಿದರು. ಅದೇ ವಯಸ್ಸಿನ, ಅದೇ ಮಟ್ಟದ ಕೆನಡಾದ ಹುಡುಗನಿಗೆ ಆ ಬಾಗಿಲು ಮುಚ್ಚಿತ್ತು.

ಸಿಯಾಟಲ್ ಒಂದು ಕಿಂಡಿ ಹುಡುಕಿತು. ಎನ್‌ಎಚ್‌ಎಲ್ ಪಟ್ಟಿಯಲ್ಲಿರುವ ಆಟಗಾರ ಸಾಲಾಗಿ ಕೆಲವು ಪಂದ್ಯ ಆಡದೆ ಹೊರಗುಳಿದರೆ ಅವನನ್ನು ಲಯಕ್ಕೆ ತರಲೆಂದು ಅಲ್ಪಾವಧಿಗೆ ಎಎಚ್‌ಎಲ್‌ಗೆ ಕಳುಹಿಸಬಹುದು. ರೈಟ್ ಅವರನ್ನು ಕೆಲವು ಪಂದ್ಯ ಹೊರಗೆ ಕೂರಿಸಿ ತನ್ನ ಎಎಚ್‌ಎಲ್ ತಂಡವಾದ ಕೋಚೆಲ್ಲಾ ವ್ಯಾಲಿಗೆ ಕಳುಹಿಸಿದರು. ಐದು ಪಂದ್ಯಗಳಲ್ಲಿ ನಾಲ್ಕು ಗೋಲು ಬಂದವು. ಮೇಲಕ್ಕೆ ಮರಳಿ ಡಿಸೆಂಬರ್ 6ರಂದು ಎನ್‌ಎಚ್‌ಎಲ್‌ನಲ್ಲಿ ತಮ್ಮ ಮೊದಲ ಗೋಲು ಹೊಡೆದರು, ಅದೂ ತಮ್ಮನ್ನು ಆರಿಸದೆ ಬಿಟ್ಟ ಮಾಂಟ್ರಿಯಲ್ ವಿರುದ್ಧವೇ. ಆಮೇಲೆ ವಿಶ್ವ ಜೂನಿಯರ್ ಟೂರ್ನಿಯಲ್ಲಿ ಕೆನಡಾದ ನಾಯಕತ್ವ, ಚಿನ್ನದ ಪದಕ. ಅದು ಮುಗಿಯುತ್ತಿದ್ದಂತೆ ನಿಯಮದ ಪ್ರಕಾರ ಜೂನಿಯರ್‌ಗೆ ವಾಪಸು. ಎನ್‌ಎಚ್‌ಎಲ್‌ನಲ್ಲಿ ಆ ವರ್ಷ ಆಡಿದ್ದು ಒಟ್ಟು ಎಂಟು ಪಂದ್ಯ.

ಎಂಟಕ್ಕೇ ನಿಂತದ್ದಕ್ಕೂ ಅರ್ಥವಿದೆ. ಹದಿನೆಂಟರಿಂದ ಇಪ್ಪತ್ತೊಂದರೊಳಗೆ ಸಹಿ ಹಾಕುವವನ ಮೊದಲ ಒಪ್ಪಂದ ಮೂರು ವರ್ಷದ್ದು, ಸಂಬಳಕ್ಕೆ ಮೇಲ್ಮಿತಿ ಉಂಟು. ಹದಿನೆಂಟು ಅಥವಾ ಹತ್ತೊಂಬತ್ತರ ಹುಡುಗ ಎನ್‌ಎಚ್‌ಎಲ್‌ನಲ್ಲಿ ಹತ್ತು ಪಂದ್ಯ ಮುಟ್ಟದಿದ್ದರೆ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ, ಒಪ್ಪಂದ ಒಂದು ವರ್ಷ ಮುಂದಕ್ಕೆ ಜಾರುತ್ತದೆ. 2005ರಿಂದ ತಂಡಗಳ ಒಟ್ಟು ಸಂಬಳಕ್ಕೆ ಮಿತಿ ಇರುವುದರಿಂದ ಕಡಿಮೆ ಸಂಬಳದ ಒಳ್ಳೆಯ ಯುವಕರು ಪ್ರತಿ ತಂಡಕ್ಕೂ ಚಿನ್ನದಷ್ಟು ಬೆಲೆಯುಳ್ಳವರು. ಅವರ ಅಗ್ಗದ ಮೂರು ವರ್ಷಗಳನ್ನು ಅವರಿನ್ನೂ ಎಳಸಾಗಿರುವಾಗಲೇ ಖರ್ಚು ಮಾಡಲು ಯಾವ ವ್ಯವಸ್ಥಾಪಕನೂ ಇಷ್ಟಪಡುವುದಿಲ್ಲ. ಹತ್ತನೇ ಪಂದ್ಯ ಹತ್ತಿರ ಬಂದಂತೆ ಎಳೆಯರು ಕೆಳಕ್ಕೆ ಹೋಗುವುದರಲ್ಲಿ ಆಟದ ವಿಚಾರ ಎಷ್ಟು, ಹಣದ ವಿಚಾರ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

2023ರ ಶರತ್ಕಾಲದಲ್ಲಿ ರೈಟ್ ಮತ್ತೆ ಅದೇ ಗೋಡೆಯ ಎದುರು ನಿಂತಿದ್ದರು. ಅವರು ಹುಟ್ಟಿದ್ದು 2004ರ ಜನವರಿ 5ರಂದು. ಡಿಸೆಂಬರ್ 31ರ ಗಡುವು ಐದು ದಿನದಲ್ಲಿ ತಪ್ಪಿತ್ತು. ಜೂನಿಯರ್‌ನ ನಾಲ್ಕು ಋತುಗಳಲ್ಲಿ ಒಂದನ್ನು ಕೋವಿಡ್ ನುಂಗಿತ್ತು. ಕೊನೆಗೆ ಅವರಿಗೆ ವಿನಾಯಿತಿ ಸಿಕ್ಕಿತು. ಆ ಋತುವಿನಲ್ಲಿ ಅವರು ಕೋಚೆಲ್ಲಾ ವ್ಯಾಲಿ ಪರ 59 ಪಂದ್ಯ ಆಡಿ 22 ಗೋಲು ಗಳಿಸಿದರು, ಪವರ್ ಪ್ಲೇಯಲ್ಲೂ ಇದ್ದರು, ಬಿಗಿಯಾದ ಕೊನೆಯ ನಿಮಿಷಗಳಲ್ಲೂ ಇದ್ದರು. ನಡುವೆ ಸಿಯಾಟಲ್‌ಗೆ ಹೋಗಿ ಎಂಟು ಪಂದ್ಯಗಳಲ್ಲಿ ನಾಲ್ಕು ಗೋಲು ಹೊಡೆದು ಬಂದರು. ಮುಂದಿನ ವರ್ಷ, 2024–25ರಲ್ಲಿ, ಎನ್‌ಎಚ್‌ಎಲ್‌ನಲ್ಲಿ 79 ಪಂದ್ಯ, 19 ಗೋಲು, ಗೋಲು ಮತ್ತು ಗೋಲಿಗೆ ನೆರವಾದ ಪಾಸುಗಳನ್ನು ಕೂಡಿಸಿದರೆ ಒಟ್ಟು 44 ಅಂಕ. ಅವರ ಜೊತೆಗೆ ಕೋಚೆಲ್ಲಾ ವ್ಯಾಲಿಯ ತರಬೇತುದಾರ ಡ್ಯಾನ್ ಬೈಲ್ಸ್ಮಾ ಕೂಡ ಆ ವರ್ಷ ಸಿಯಾಟಲ್‌ಗೆ ಬಡ್ತಿ ಪಡೆದಿದ್ದರು. ಒಂದು ವರ್ಷ ಮೊದಲೇ ಬೀಗ ತೆಗೆದಿದ್ದರೆ ಆ ನಾಲ್ಕು ಜೆರ್ಸಿಗಳ ಅಲೆದಾಟ ಬೇಕಾಗಿತ್ತೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಲ್ಲಿ ಕಲಿಸುವುದೇನು

ಜೂನಿಯರ್ ಲೀಗಿನ ತಾರೆಯ ಬಳಿ ಸದಾ ಪಕ್, ಅಂದರೆ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ, ಇರುತ್ತದೆ. ಎದುರಿಗಿರುವವರು ಹದಿನಾರು, ಹದಿನೇಳರ ಹುಡುಗರು. ಅವರನ್ನು ದಾಟಲು ಅವನ ವೇಗ, ಕೈಚಳಕ ಸಾಕು. ಎಎಚ್‌ಎಲ್‌ನಲ್ಲಿ ಎದುರಿಗೆ ನಿಲ್ಲುವವನಿಗೆ ಮೂವತ್ತು ವರ್ಷ, ಹೆಂಡತಿ ಮಕ್ಕಳಿದ್ದಾರೆ, ಈ ಕೆಲಸ ಹೋದರೆ ಬೇರೆ ಕೆಲಸವಿಲ್ಲ. ಅವನು ಹುಡುಗನಿಗೆ ಒಂದಿಂಚೂ ಬಿಟ್ಟುಕೊಡುವುದಿಲ್ಲ.

ಒಂದು ಸಣ್ಣ ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ತಂಡ ತನ್ನ ಗೋಲಿನ ಬಳಿಯಿಂದ ಪಕ್ಕನ್ನು ಹೊರತರಬೇಕು. ರಕ್ಷಣಾ ಆಟಗಾರ ಅದನ್ನು ಅಂಚಿನ ಹಲಗೆಗುಂಟ ಮೇಲಕ್ಕೆ ತಳ್ಳುತ್ತಾನೆ. ಅಂಚಿನ ಬಳಿ ನಿಂತ ಎಳೆಯ ವಿಂಗರ್ ಅದನ್ನು ಹಿಡಿಯಬೇಕು. ಹಿಡಿಯುವ ಮೊದಲೇ ಎದುರಾಳಿಯ ರಕ್ಷಣಾ ಆಟಗಾರ ಅವನ ಬೆನ್ನಿಗೆ ನುಗ್ಗಿ ಬರುತ್ತಿರುತ್ತಾನೆ. ಜೂನಿಯರ್‌ನಲ್ಲಿ ಪಕ್ ಹಿಡಿದು, ತಲೆಯೆತ್ತಿ, ಯಾರಿಗೆ ಕೊಡಲಿ ಎಂದು ನೋಡಲು ಹೊತ್ತಿರುತ್ತಿತ್ತು. ಇಲ್ಲಿ ಪಕ್ ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ನೋಡಿ, ನಡುವೆ ಬರುವ ಜೊತೆಗಾರ ಎಲ್ಲಿದ್ದಾನೆಂದು ತಿಳಿದುಕೊಂಡು, ಪೆಟ್ಟು ಬೀಳುತ್ತದೆಂದು ಗೊತ್ತಿದ್ದೇ ಮೈ ಒಡ್ಡಿ, ಒಂದೇ ಸ್ಪರ್ಶದಲ್ಲಿ ಪಕ್ಕನ್ನು ಒಳಕ್ಕೆ ತಿರುಗಿಸಬೇಕು. ಅಲ್ಲಿ ಎಡವಿದರೆ ಪಕ್ ಎದುರಾಳಿಯ ಕೈಗೆ, ಕೆಲವೇ ಸೆಕೆಂಡುಗಳಲ್ಲಿ ತನ್ನದೇ ಗೋಲಿನತ್ತ. ನೋಡುಗರ ಕಣ್ಣಿಗೆ ಬೀಳದ ಈ ಕೆಲಸವನ್ನು ನೆಚ್ಚಿಕೊಳ್ಳುವಂತೆ ಮಾಡಲಾಗದವನನ್ನು ಎನ್‌ಎಚ್‌ಎಲ್ ತರಬೇತುದಾರ ಕೊನೆಯ ನಿಮಿಷಗಳಲ್ಲಿ ಇಳಿಸುವುದಿಲ್ಲ, ಎಷ್ಟೇ ಗೋಲು ಹೊಡೆಯಬಲ್ಲವನಾದರೂ ಅಷ್ಟೇ.

ಇದನ್ನು ಕಲಿಸಲು ಅಭ್ಯಾಸದ ದಿನಗಳು ಬೇಕು, ತಪ್ಪು ಮಾಡಿದವನನ್ನು ಮರುಕ್ಷಣವೇ ಮತ್ತೆ ಕಣಕ್ಕಿಳಿಸುವ ತಾಳ್ಮೆ ಬೇಕು. ಎನ್‌ಎಚ್‌ಎಲ್‌ನಲ್ಲಿ ಎರಡಕ್ಕೂ ಬರ. ವಾರದ ಎಲ್ಲ ದಿನಗಳಲ್ಲೂ ಹಂಚಿಹೋದ 82 ಪಂದ್ಯ, ಖಂಡದ ಈ ತುದಿಯಿಂದ ಆ ತುದಿಗೆ ಪ್ರಯಾಣ, ಒಂದು ಸೋಲಿಗೂ ಪ್ಲೇಆಫ್ ಕೈತಪ್ಪುವ ಭಯ. ಎಎಚ್‌ಎಲ್‌ನಲ್ಲಿ 72 ಪಂದ್ಯ. ಅವುಗಳಲ್ಲಿ ಹೆಚ್ಚಿನವು ಶುಕ್ರವಾರ, ಶನಿವಾರ, ಭಾನುವಾರ. ವಾರದ ನಡುವೆ ಸ್ಕೇಟಿಂಗ್ ತಿದ್ದುವುದಕ್ಕೆ, ವಿಡಿಯೊ ಹಾಕಿ ತಪ್ಪು ತೋರಿಸುವುದಕ್ಕೆ, ಜಿಮ್ಮಿಗೆ ಸಮಯ ಸಿಗುತ್ತದೆ. ಸಾಲು ಮೂರು ದಿನ ಮೂರು ಪಂದ್ಯ ಆಡುವ ವಾರಾಂತ್ಯಗಳು ದೇಹವನ್ನು ಹಿಂಡಿಹಾಕುತ್ತವೆ, ನಡುವಿನ ಪ್ರಯಾಣ ಬಹಳಷ್ಟು ಕಡೆ ಬಸ್ಸಿನಲ್ಲೇ. ಅದನ್ನು ಹಳೆಯ ಆಟಗಾರರು ಹೆಮ್ಮೆಯಿಂದ ನೆನೆಯುತ್ತಾರೆ. ದಣಿದ ಮೂರನೇ ದಿನದ ಆಟದಲ್ಲಿ ಹುಡುಗ ಏನು ಕಲಿಯುತ್ತಾನೆಂಬ ಬಗ್ಗೆ ನನಗೆ ಅನುಮಾನವಿದೆ.

ಲೀಗ್ ಯುವಕರ ಲೀಗಾಗಿಯೇ ಉಳಿಯಲೆಂದು ಒಂದು ನಿಯಮವಿದೆ. ಗೋಲ್‌ಕೀಪರ್‌ಗಳನ್ನು ಬಿಟ್ಟು ಕಣಕ್ಕಿಳಿಯುವ 18 ಮಂದಿಯಲ್ಲಿ 13 ಮಂದಿ ಕಡಿಮೆ ಅನುಭವದವರಾಗಿರಬೇಕು. ಅವರಲ್ಲಿ 12 ಮಂದಿ ಋತುವಿನ ಆರಂಭಕ್ಕೆ 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯ ಆಡಿರಬಾರದು, ಹದಿಮೂರನೆಯವನು 320ಕ್ಕಿಂತ ಹೆಚ್ಚು ಆಡಿರಬಾರದು. ಉಳಿದ ಐದು ಸ್ಥಾನ ಅನುಭವಿಗಳಿಗೆ. ಈ ಐವರನ್ನು ಆರಿಸುವುದರಲ್ಲೇ ವ್ಯವಸ್ಥಾಪಕನ ಜಾಣ್ಮೆ ಗೊತ್ತಾಗುತ್ತದೆ. ತನ್ನ ಎನ್‌ಎಚ್‌ಎಲ್ ಕನಸು ಮುಗಿದಿದ್ದರೂ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಭ್ಯಾಸಕ್ಕೆ ಬರುವ, ಇಪ್ಪತ್ತರ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುವ ಹಿರಿಯನೊಬ್ಬನಿದ್ದರೆ ಅದು ಇನ್ನೊಬ್ಬ ತರಬೇತುದಾರನಿದ್ದಂತೆಯೇ.

ಗೋಲ್‌ಕೀಪರ್ ಲೆಕ್ಕವೇ ಬೇರೆ

ಮುಂಪಡೆಯಲ್ಲಿ ಹನ್ನೆರಡು ಸ್ಥಾನಗಳಿದ್ದರೆ ಗೋಲಿನ ಮುಂದೆ ಒಂದೇ. ಎರಡನೆಯವನು ಬಾಗಿಲ ಬಳಿ ಟೋಪಿ ಹಾಕಿಕೊಂಡು ಕೂತಿರುತ್ತಾನೆ. ಆದ್ದರಿಂದ ಎಳೆಯ ಗೋಲ್‌ಕೀಪರ್‌ನನ್ನು ಮೇಲೆ ಇಟ್ಟುಕೊಂಡು ಕಲಿಸುವುದು ಹೆಚ್ಚುಕಡಿಮೆ ಅಸಾಧ್ಯ. ಅವನು ಕೆಳಗೆ ಹೋಗಿ ನೂರಾರು ಪಂದ್ಯಗಳಲ್ಲಿ ಸಾವಿರಾರು ಹೊಡೆತಗಳನ್ನು ಎದುರಿಸಲೇಬೇಕು. ಡೆಟ್ರಾಯಿಟ್‌ನ ಜಿಮ್ಮಿ ಹೋವರ್ಡ್ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ನಾಲ್ಕು ಋತು ಕಳೆದರು. 2012ರಲ್ಲಿ 130ನೆಯವರಾಗಿ ಆಯ್ಕೆಯಾದ ಕಾನರ್ ಹೆಲ್ಲೆಬಕ್ ವಿಶ್ವವಿದ್ಯಾಲಯ, ಎಎಚ್‌ಎಲ್ ಎರಡನ್ನೂ ದಾಟಿ ಬಂದು 2025ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಪಡೆದರು.

ಜೋರ್ಡನ್ ಬಿನ್ನಿಂಗ್ಟನ್ ಕಥೆ ಇದಕ್ಕಿಂತ ಸುತ್ತುಬಳಸಿನದು. ಸೇಂಟ್ ಲೂಯಿಸ್ ಬ್ಲೂಸ್ ಅವರನ್ನು 2011ರ ಮೂರನೇ ಸುತ್ತಿನಲ್ಲಿ ಆರಿಸಿತು. ಇಸಿಎಚ್‌ಎಲ್‌ನ ಕ್ಯಾಲಮಜೂ, ಎಎಚ್‌ಎಲ್‌ನ ಶಿಕಾಗೊ ಎಂದು ವರ್ಷಗಳು ಉರುಳಿದವು. 2017–18ರಲ್ಲಿ ಬ್ಲೂಸ್‌ಗೆ ತನ್ನದೇ ಎನ್ನಬಹುದಾದ ಎಎಚ್‌ಎಲ್ ತಂಡವಿರಲಿಲ್ಲ. ಅವರನ್ನು ಬಾಸ್ಟನ್ ಬ್ರೂಯಿನ್ಸ್‌ಗೆ ಸೇರಿದ ಪ್ರಾವಿಡೆನ್ಸ್ ತಂಡಕ್ಕೆ ಎರವಲು ಕೊಟ್ಟರು. 2019ರ ಜನವರಿ ಮೊದಲ ವಾರದಲ್ಲಿ ಬ್ಲೂಸ್ ಇಡೀ ಎನ್‌ಎಚ್‌ಎಲ್‌ನಲ್ಲೇ ಕೊನೆಯ ಸ್ಥಾನಕ್ಕೆ ಕುಸಿದಿತ್ತು. ಜನವರಿ 7ರಂದು, ಇಪ್ಪತ್ತೈದರ ವಯಸ್ಸಿನಲ್ಲಿ, ಬಿನ್ನಿಂಗ್ಟನ್ ಮೊದಲ ಬಾರಿಗೆ ಪಂದ್ಯದ ಆರಂಭದಿಂದಲೇ ಗೋಲಿನ ಮುಂದೆ ನಿಂತರು. ಫಿಲಡೆಲ್ಫಿಯಾ ವಿರುದ್ಧ ಒಂದೂ ಗೋಲು ಬಿಟ್ಟುಕೊಡದೆ 3–0 ಗೆಲುವು. ಜೂನ್ 12ರಂದು ಬಾಸ್ಟನ್‌ನಲ್ಲಿ, ಹಿಂದಿನ ವರ್ಷ ತಮಗೆ ಆಡಲು ಜಾಗ ಕೊಟ್ಟಿದ್ದ ಅದೇ ಬ್ರೂಯಿನ್ಸ್ ಬಳಗದ ವಿರುದ್ಧ, ಫೈನಲ್ ಸರಣಿಯ ಏಳನೇ ಪಂದ್ಯದಲ್ಲಿ 4–1ರಿಂದ ಗೆದ್ದು ಸೇಂಟ್ ಲೂಯಿಸ್‌ಗೆ ಅದರ ಮೊದಲ ಸ್ಟ್ಯಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ನರ ಪ್ರಶಸ್ತಿ) ತಂದುಕೊಟ್ಟರು. ಆಯ್ಕೆಯಾದ ಎಂಟನೇ ವರ್ಷಕ್ಕೆ. ಗೋಲ್‌ಕೀಪರ್ ಒಬ್ಬನನ್ನು ಇಪ್ಪತ್ತೆರಡಕ್ಕೆ ಕೈಬಿಡುವವರು ಈ ತಾರೀಕುಗಳನ್ನು ಒಮ್ಮೆ ನೋಡಬೇಕು.

ಗೆಲ್ಲುವುದೋ, ಬೆಳೆಸುವುದೋ

ಎಎಚ್‌ಎಲ್ ತಂಡ ಗೆಲ್ಲಬೇಕೇ, ಅಥವಾ ಸೋತರೂ ಸರಿ, ಹುಡುಗರಿಗೆ ಅವಕಾಶ ಕೊಡಬೇಕೇ? ಈ ವಾದ ಹಳೆಯದು. ಪೆನ್ಸಿಲ್ವೇನಿಯಾದ ಹರ್ಶಿ ಬೇರ್ಸ್ 1938ರಿಂದ ಈ ಲೀಗಿನಲ್ಲಿದೆ, ಎಎಚ್‌ಎಲ್‌ನ ಕಾಲ್ಡರ್ ಕಪ್ಪನ್ನು ಎಲ್ಲರಿಗಿಂತ ಹೆಚ್ಚು ಬಾರಿ ಗೆದ್ದಿದೆ. ಚಾಕೊಲೇಟ್ ಕಾರ್ಖಾನೆಯ ಸುತ್ತ ಬೆಳೆದ ಆ ಊರಿನವರಿಗೆ ಬೇರ್ಸ್ ತಮ್ಮದೇ ತಂಡ, ವಾಷಿಂಗ್ಟನ್ ಕ್ಯಾಪಿಟಲ್ಸ್‌ನ ಕೆಳತಂಡವಲ್ಲ. ತಂಡದ ಒಡೆತನವೂ ಸ್ಥಳೀಯ ಸಂಸ್ಥೆಯದೇ. ಅಂಥ ಊರಿನಲ್ಲಿ ಸೋಲಿಗೆ ಕ್ಷಮೆ ಕಡಿಮೆ.

ನನ್ನ ಮಟ್ಟಿಗೆ ಈ ಎರಡೂ ಬೇರೆ ಬೇರೆ ಅಲ್ಲ. ಗೆಲ್ಲುವ ತಂಡದ ಹುಡುಗನಿಗೆ ಏಪ್ರಿಲ್, ಮೇ, ಜೂನ್‌ಗಳಲ್ಲಿ ಇನ್ನೂ ಇಪ್ಪತ್ತು ಪಂದ್ಯ ಸಿಗುತ್ತವೆ. ಒಂದೇ ಎದುರಾಳಿಯ ವಿರುದ್ಧ ಏಳು ಪಂದ್ಯ ಆಡುವುದು ಹೇಗೆಂದು ಕಲಿಯಲು ಬೇರೆ ದಾರಿಯಿಲ್ಲ. 2012ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್‌ನ ಎಎಚ್‌ಎಲ್ ತಂಡವಾಗಿದ್ದ ನಾರ್ಫೋಕ್ ಅಡ್ಮಿರಲ್ಸ್ ಸತತ 28 ಪಂದ್ಯ ಗೆದ್ದು, ಕಾಲ್ಡರ್ ಕಪ್ ಫೈನಲ್ ಅನ್ನೂ ಒಂದು ಪಂದ್ಯ ಸೋಲದೆ ಮುಗಿಸಿತು. ತರಬೇತುದಾರ ಜಾನ್ ಕೂಪರ್. ತಂಡದಲ್ಲಿ ಯಾರೂ ಡ್ರಾಫ್ಟ್‌ನಲ್ಲಿ ಆರಿಸದ ಟೈಲರ್ ಜಾನ್ಸನ್ ಇದ್ದರು, ಏಳನೇ ಸುತ್ತಿನಲ್ಲಿ 208ನೆಯವರಾಗಿ ಆಯ್ಕೆಯಾದ ಒಂದ್ರೆ ಪಾಲಾತ್ ಇದ್ದರು. ಮರುವರ್ಷ ಟ್ಯಾಂಪಾ ತನ್ನ ಕೆಳತಂಡವನ್ನು ಸಿರಕ್ಯೂಸ್‌ಗೆ ಬದಲಿಸಿದಾಗ ಅದೇ ಬಳಗ ಅಲ್ಲಿಗೂ ಹೋಗಿ ಮತ್ತೆ ಫೈನಲ್ ತಲುಪಿತು. 2013ರ ಮಾರ್ಚ್‌ನಲ್ಲಿ ಕೂಪರ್ ಮೇಲಕ್ಕೆ ಬಡ್ತಿ ಪಡೆದರು, ಹುಡುಗರು ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಅವರಿಗೆ ಕೂಪರ್ ಆಟ ಗೊತ್ತಿತ್ತು, ಕೂಪರ್‌ಗೆ ಅವರು ಗೊತ್ತಿದ್ದರು. 2020 ಮತ್ತು 2021ರಲ್ಲಿ ಟ್ಯಾಂಪಾ ಸ್ಟ್ಯಾನ್ಲಿ ಕಪ್ ಗೆದ್ದಾಗ ಪಾಲಾತ್, ಜಾನ್ಸನ್ ಇಬ್ಬರೂ ತಂಡದಲ್ಲಿದ್ದರು. 2021ರ ಕೊನೆಯ ಪಂದ್ಯದ ಏಕೈಕ ಗೋಲು ಹೊಡೆದ ರಾಸ್ ಕೋಲ್ಟನ್ ಕೂಡ ಸಿರಕ್ಯೂಸ್‌ನಲ್ಲೇ ಬೆಳೆದವರು. ಇಷ್ಟು ಜನ ಒಂದೇ ಕಡೆಯಿಂದ ಬಂದದ್ದು ಅದೃಷ್ಟ ಎಂದರೆ ನಾನು ಒಪ್ಪುವುದಿಲ್ಲ.

2013ರ ಆ ಫೈನಲ್‌ನಲ್ಲಿ ಸಿರಕ್ಯೂಸನ್ನು ಸೋಲಿಸಿದ್ದು ಡೆಟ್ರಾಯಿಟ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್. ಮೇಲೆ ಹೇಳಿದ ತತಾರ್ ಆಗ ಅಲ್ಲಿ ನಾಲ್ಕನೇ ಋತುವಿನಲ್ಲಿದ್ದರು. 24 ಪ್ಲೇಆಫ್ ಪಂದ್ಯಗಳಲ್ಲಿ 16 ಗೋಲು ಹೊಡೆದು ಶ್ರೇಷ್ಠ ಆಟಗಾರ ಎನಿಸಿಕೊಂಡರು. ಕೆನ್ ಹಾಲಂಡ್ ವ್ಯವಸ್ಥಾಪಕರಾಗಿದ್ದ ಕಾಲದ ಡೆಟ್ರಾಯಿಟ್, ಹುಡುಗರು ಹಣ್ಣಾದ ಮೇಲೂ ಇನ್ನೊಂದಿಷ್ಟು ಕಾಲ ಕೆಳಗೇ ಇರಲಿ ಎನ್ನುವ ತಂಡವಾಗಿತ್ತು. ಗುಸ್ತಾವ್ ನೀಕ್ವಿಸ್ಟ್ ಅವರನ್ನು ಆ ಕಪ್ ಗೆದ್ದ ನಂತರವೂ ಮುಂದಿನ ಋತುವಿನ ಆರಂಭಕ್ಕೆ ಮತ್ತೆ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಕಳುಹಿಸಿದರು. ಮೇಲಕ್ಕೆ ಬಂದು 57 ಪಂದ್ಯಗಳಲ್ಲಿ 28 ಗೋಲು ಹೊಡೆದರು ಅವರು. ತಾಳ್ಮೆಗೆ ಇದು ಸಾಕ್ಷಿ ಎನ್ನುವವರಿದ್ದಾರೆ, ಅಷ್ಟು ಗೋಲು ಹೊಡೆಯಬಲ್ಲವನನ್ನು ಕೆಳಗೇಕೆ ಕೂರಿಸಿದಿರಿ ಎಂದು ಕೇಳುವವರೂ ಇದ್ದಾರೆ. ಎರಡನೆಯವರ ಮಾತಿನಲ್ಲಿ ಹುರುಳಿದೆ.

ಏಕೆಂದರೆ ಯಾರು ಕೆಳಗೆ ಹೋಗುತ್ತಾರೆ ಎನ್ನುವುದನ್ನು ಆಟವೊಂದೇ ನಿರ್ಧರಿಸುವುದಿಲ್ಲ. ವೇವರ್ಸ್ ಎಂಬ ನಿಯಮವಿದೆ. ಹದಿನೆಂಟಕ್ಕೆ ಸಹಿ ಹಾಕಿದ ಮುಂಪಡೆ ಅಥವಾ ರಕ್ಷಣಾ ಆಟಗಾರನನ್ನು ಐದು ವರ್ಷ ಅಥವಾ 160 ಎನ್‌ಎಚ್‌ಎಲ್ ಪಂದ್ಯಗಳವರೆಗೆ ತಂಡ ಎಷ್ಟು ಬಾರಿ ಬೇಕಾದರೂ ಮೇಲೆ ಕೆಳಗೆ ಮಾಡಬಹುದು. ಆ ಅವಧಿ ಮುಗಿದವನನ್ನು ಕೆಳಗೆ ಕಳುಹಿಸುವ ಮೊದಲು 24 ಗಂಟೆ ಉಳಿದೆಲ್ಲ ತಂಡಗಳ ಮುಂದೆ ಇಡಬೇಕು, ಬೇಕಾದವರು ಪುಕ್ಕಟೆಯಾಗಿ ಎತ್ತಿಕೊಳ್ಳಬಹುದು. 2022ರ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್ ತನ್ನ ಮೊದಲ ಸುತ್ತಿನ ಹಳೆಯ ಆಯ್ಕೆಯಾದ ಫಿನ್ಲೆಂಡಿನ ಈಲಿ ತೊಲ್ವಾನೆನ್‌ರನ್ನು ಹೀಗೆ ಮುಂದಿಟ್ಟಾಗ ಸಿಯಾಟಲ್ ಎತ್ತಿಕೊಂಡಿತು. ಅಲ್ಲಿ ಅವರು 48 ಪಂದ್ಯಗಳಲ್ಲಿ 16 ಗೋಲು ಹೊಡೆದರು. ಇಂಥ ನಷ್ಟದ ಭಯದಿಂದಲೇ ಇಪ್ಪತ್ತೈದರ ಸಾಧಾರಣ ಆಟಗಾರ ಮೇಲೆ ಉಳಿಯುತ್ತಾನೆ, ಅವನಿಗಿಂತ ಚೆನ್ನಾಗಿ ಆಡುವ ಇಪ್ಪತ್ತೊಂದರ ಹುಡುಗ ಚೀಲ ಕಟ್ಟುತ್ತಾನೆ. ಮೇಲೆ ಲಕ್ಷಾಂತರ ಡಾಲರ್ ಸಂಬಳವಿರುವ ಒಪ್ಪಂದದಲ್ಲೇ ಕೆಳಗಿನ ಸಂಬಳ ಅದರ ಒಂದು ಸಣ್ಣ ಪಾಲು. ಆ ರಾತ್ರಿಯಿಂದಲೇ ಅವನ ಆದಾಯವೂ ಬದಲಾಗುತ್ತದೆ.

ದೂರ ಕೂಡ ಒಂದು ಕಾರಣ. ಒಂದು ಕಾಲಕ್ಕೆ ಲಾಸ್ ಏಂಜಲಿಸ್ ತಂಡದ ಹುಡುಗರು ಪೂರ್ವ ತೀರದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ಸ್ಯಾನ್ ಹೋಸೆ ತಂಡದವರು ಮ್ಯಾಸಚೂಸೆಟ್ಸ್‌ನಲ್ಲಿ ಆಡುತ್ತಿದ್ದರು. ಗಾಯಾಳುವಿನ ಬದಲಿಗೆ ಒಬ್ಬನನ್ನು ಕರೆಸಿಕೊಳ್ಳಬೇಕಾದರೆ ಅವನು ಇಡೀ ಖಂಡ ದಾಟಬೇಕಿತ್ತು. 2015ರಲ್ಲಿ ಐದು ಎಎಚ್‌ಎಲ್ ತಂಡಗಳು ಒಟ್ಟಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದವು. 2021ರಲ್ಲಿ ವ್ಯಾಂಕೂವರ್ ಕೂಡ ತನ್ನ ಕೆಳತಂಡವನ್ನು ದೂರದ ಯೂಟಿಕಾದಿಂದ ಬಿಡಿಸಿ ಪಕ್ಕದ ಆಬಟ್ಸ್‌ಫರ್ಡ್‌ಗೆ ತಂದುಕೊಂಡಿತು.

ಆ ಆಬಟ್ಸ್‌ಫರ್ಡ್ ತಂಡ 2025ರ ಜೂನ್‌ನಲ್ಲಿ ಕಾಲ್ಡರ್ ಕಪ್ ಗೆದ್ದಾಗ ಅದರಲ್ಲಿ ಭಾರತೀಯ ಮೂಲದ ಇಬ್ಬರಿದ್ದರು. ಒಬ್ಬರು ಸರ್ರೆ ನಗರದ ಪಂಜಾಬಿ ಕುಟುಂಬದ ಅರ್ಶ್‌ದೀಪ್ ಬೈನ್ಸ್. ಡ್ರಾಫ್ಟ್‌ನಲ್ಲಿ ಯಾರೂ ಅವರನ್ನು ಆರಿಸಿರಲಿಲ್ಲ. 2021–22ರಲ್ಲಿ ವೆಸ್ಟರ್ನ್ ಹಾಕಿ ಲೀಗ್ ಎಂಬ ಜೂನಿಯರ್ ಲೀಗಿನಲ್ಲಿ 112 ಅಂಕ ಗಳಿಸಿ ಅಗ್ರಸ್ಥಾನ ಪಡೆದ ಆ ಋತುವಿನಲ್ಲೇ ವ್ಯಾಂಕೂವರ್ ಒಪ್ಪಂದ ಮಾಡಿಕೊಂಡದ್ದು. ಎಎಚ್‌ಎಲ್‌ನಲ್ಲಿ ಬೆಳೆದು 2024ರ ಫೆಬ್ರವರಿಯಲ್ಲಿ ಎನ್‌ಎಚ್‌ಎಲ್‌ಗೆ ಕಾಲಿಟ್ಟರು. ಇನ್ನೊಬ್ಬರು ತರಬೇತುದಾರ ಮ್ಯಾನಿ ಮಲ್ಹೋತ್ರಾ, ಮುಖ್ಯ ತರಬೇತುದಾರನಾಗಿ ಅವರ ಮೊದಲ ವರ್ಷವದು. 1998ರಲ್ಲಿ ಅವರು ಏಳನೇ ಆಯ್ಕೆಯಾಗಿ ನ್ಯೂಯಾರ್ಕ್ ರೇಂಜರ್ಸ್ ಸೇರಿದಾಗ ಹದಿನೆಂಟರ ಹುಡುಗನನ್ನು ನೇರವಾಗಿ ಎನ್‌ಎಚ್‌ಎಲ್‌ನಲ್ಲೇ ಇಟ್ಟುಕೊಂಡರು. 73 ಪಂದ್ಯ, ಎಂಟು ಗೋಲು. ಮರುವರ್ಷ ಜೂನಿಯರ್‌ಗೆ, ಆಮೇಲೆ ಎಎಚ್‌ಎಲ್‌ಗೆ ಇಳಿಯಬೇಕಾಯಿತು. 991 ಎನ್‌ಎಚ್‌ಎಲ್ ಪಂದ್ಯಗಳ ದೀರ್ಘ ಬದುಕನ್ನು ಅವರು ಕಟ್ಟಿಕೊಂಡದ್ದು ಗೋಲು ಹೊಡೆಯುವವರಾಗಿ ಅಲ್ಲ, ಫೇಸ್‌ಆಫ್ (ಆಟ ಶುರುಮಾಡಲು ಇಬ್ಬರ ನಡುವೆ ಪಕ್ ಬೀಳಿಸುವ ಘಟ್ಟ) ಗೆಲ್ಲುವ, ಎದುರಾಳಿಯನ್ನು ತಡೆಯುವ ಆಟಗಾರರಾಗಿ. ಎಳೆಯರ ಕೈಗೆ ನಿಮಿಷಗಳನ್ನು ಯಾವಾಗ, ಎಷ್ಟು ಕೊಡಬೇಕೆಂದು ತಿಳಿಯಲು ಇಂಥವರಿಗಿಂತ ಬೇರೆ ಯಾರು ಬೇಕು?

ನಿಯಮಗಳೂ ಈಗ ಸಡಿಲವಾಗುತ್ತಿವೆ. 2025ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಒಪ್ಪಿಕೊಂಡ ಹೊಸ ಒಪ್ಪಂದ 2026–27ರಿಂದ ಜಾರಿಯಾಗುವಂಥದ್ದು. ಕೆನಡಾದ ಜೂನಿಯರ್ ಲೀಗಿನಿಂದ ಬಂದ ಹತ್ತೊಂಬತ್ತರ ಆಟಗಾರನೊಬ್ಬನನ್ನು ಪ್ರತಿ ತಂಡವೂ ಎಎಚ್‌ಎಲ್‌ಗೆ ಕಳುಹಿಸಲು ಅದು ದಾರಿ ಮಾಡಿಕೊಡುತ್ತದೆ. ಇನ್ನೊಂದು ಬದಿಯಲ್ಲಿ, ಜೂನಿಯರ್ ಲೀಗಿನಲ್ಲಿ ಆಡಿದವರಿಗೆ ಮುಚ್ಚಿದ್ದ ಅಮೆರಿಕದ ವಿಶ್ವವಿದ್ಯಾಲಯ ತಂಡಗಳ ಬಾಗಿಲು 2025ರ ಆಗಸ್ಟ್‌ನಿಂದ ತೆರೆದಿದೆ. ಆ ಪೀಳಿಗೆಯ ಬಹು ನಿರೀಕ್ಷೆಯ ಆಟಗಾರ ಗ್ಯಾವಿನ್ ಮೆಕೆನಾ ತಕ್ಷಣವೇ ಮೆಡಿಸಿನ್ ಹ್ಯಾಟ್ ತಂಡ ಬಿಟ್ಟು ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಹದಿನೆಂಟರ ಹುಡುಗ ಈಗ ಇಪ್ಪತ್ತೆರಡು, ಇಪ್ಪತ್ಮೂರರ ಗಟ್ಟಿಮುಟ್ಟಾದವರ ಎದುರು ಆಡಬಹುದು, ಪಂದ್ಯಗಳು ಕಡಿಮೆ, ಅಭ್ಯಾಸದ ದಿನಗಳು ಹೆಚ್ಚು. ಇದರಿಂದ ಜೂನಿಯರ್ ಲೀಗುಗಳಿಗೆ ಆಗುವ ಪೆಟ್ಟು ಸಣ್ಣದಲ್ಲ, ಅಲ್ಲಿನ ಊರುಗಳ ಅಳಲು ನ್ಯಾಯವಾದದ್ದೇ. ಹಾಗಿದ್ದರೂ ಎಂಟು ನಿಮಿಷ ಆಡಿ ಬೆಂಚಿಗೆ ಮರಳುವ ಹುಡುಗನಿಗೆ ಇನ್ನೆರಡು ದಾರಿ ತೆರೆದದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.